ಬಿಳಿ ದಾರದ ಗಂಟು

“ಗಂಟು ಎಲ್ಲಿದೆ, ಬುಧಿಲ?”

ಶಿಲ್ಪಿ ಬುಧಿಲ ಉಳಿಯ ಬಾಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿಕೊಂಡ. ಅದು ಆಗಲೇ ಸಾಕಷ್ಟು ಹರಿತವಾಗಿತ್ತು.

ಎದುರಿಗೆ, ಕಲ್ಲುಪುಡಿಯ ಮೇಲೆಯೇ ಕಾಲು ಮಡಚಿ ಕೂತಿದ್ದವರು ವಿಜಯಪುರಿಯ ತಲವರ ರೆಮ್ಮಣ. ಊರಿನ ಕಾವಲು, ಕಳವು ಕೊಲೆಗಳ ವಿಚಾರಣೆಯೆಲ್ಲ ಅವರದು. ಮಂಡಿನೋವಿನ ಮುದುಕ ಹಾಗೆ ನೆಲಕ್ಕೆ ಕೂತದ್ದನ್ನು ಕಂಡು ಬುಧಿಲನ ಹೆಂಡತಿ ಒಳಗಿನಿಂದ ಚಾಪೆ ತಂದಳು. ಅವರ ಬೆನ್ನ ಹಿಂದೆ ಒಂದು ಕಲ್ಲು ಸರಿಸಿ, ಚಾಪೆಯ ಅಂಚನ್ನು ಅದರ ಮೇಲೆ ಮಡಚಿಟ್ಟು, ಒರಗಲು ಅನುಕೂಲ ಮಾಡಿ ಹೋದಳು.

ನಾಳೆ ನಡುಹಗಲಿಗೆ ಕಾಳಗದಲ್ಲಿ ಸತ್ತ ಸೇನಾಪತಿ ಚಂಡಸತ್ತಿಯ ನೆನಪಿನ ಛಾಯಾಕಂಬ ನಿಲ್ಲುವುದಿತ್ತು. ಅದು ನಿಂತ ಮೇಲೆ, ಅದರ ಎದುರಿಗೇ, ಮಾವುತ ಗೋಲಕನನ್ನು ಶೂಲಕ್ಕೇರಿಸಬೇಕೆಂದು ಅರಮನೆಯ ಅಪ್ಪಣೆಯಾಗಿತ್ತು. ಪಲ್ಲವರ ಜೊತೆ ಒಳಸಂಚು ಮಾಡಿ, ಕಣಿವೆಬಾಯಿಯ ಕಾಳಗದ ದಿನ ಸೇನಾಪತಿಯಿದ್ದ ಆನೆಯನ್ನು ಬೇಕೆಂದೇ ಶತ್ರುಗಳ ಬಾಣಕ್ಕೆ ಎದುರಾಗಿ ನಡೆಸಿದನೆಂಬುದು ಅವನ ಮೇಲಿದ್ದ ಆರೋಪ. ಮೂರು ತಿಂಗಳಲ್ಲಿ ಗೋಲಕ ‘ನಾನು ಮಾಡಿಲ್ಲ’ ಎಂಬುದೊಂದನ್ನು ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ಅವನದು ತಪ್ಪಿಲ್ಲವೆಂದು ರೆಮ್ಮಣರ ಮನಸ್ಸು ಹೇಳುತ್ತಿತ್ತು. ಆದರೆ ಅರಸನ ಮುಂದೆ ಮನಸ್ಸನ್ನು ತೆಗೆದು ತೋರಿಸಲು ಬರುವುದಿಲ್ಲ.

ಇವತ್ತು ಬೆಳಿಗ್ಗೆ ಬಚ್ಚಲ ಒಲೆಯ ಮುಂದೆ ಕೂತಿದ್ದಾಗ ಅವರಿಗೆ ಇದ್ದಕ್ಕಿದ್ದಂತೆ ಅಳತೆಯ ದಾರಗಳು ನೆನಪಾಗಿದ್ದವು.

ಸತ್ತವನನ್ನು ಚಿತೆಗೆ ಒಯ್ಯುವ ಮುಂಚೆ, ಕಂಬ ಕೆತ್ತುವವನು ಮನೆಗೆ ಬಂದು ನೆತ್ತಿಯಿಂದ ಹಿಮ್ಮಡಿಯ ತನಕ ದಾರದಲ್ಲಿ ಅಳತೆ ತೆಗೆದುಕೊಳ್ಳುವುದು ಈ ಊರಿನ ಪದ್ಧತಿ. ಮೈಯ ಮುಂಭಾಗಕ್ಕೆ ಕೆಂಪು ದಾರ, ಬೆನ್ನಿಗೆ ಬಿಳಿ ದಾರ. ಗಾಯವಿದ್ದ ಎತ್ತರಕ್ಕೆ ದಾರದಲ್ಲಿ ಒಂದು ಗಂಟು. ಕಲ್ಲಿನಲ್ಲಿ ಗಾಯ ಕೆತ್ತುವುದಿಲ್ಲ; ಗಂಟು ಬಿದ್ದಲ್ಲಿ ತಾವರೆ ಅರಳಿಸುತ್ತಾರೆ. ಕಂಬ ನಿಲ್ಲಿಸುವ ದಿನ ಆ ದಾರಗಳನ್ನು ಗುಂಡಿಗೆ ಹಾಕಿ ಅದರ ಮೇಲೆ ಕಂಬ ಇಳಿಸುತ್ತಾರೆ. ಅಲ್ಲಿಯ ತನಕ ಅವು ಶಿಲ್ಪಿಯ ಮನೆಯಲ್ಲೇ ಇರಬೇಕು.

ಬುಧಿಲನ ಪಕ್ಕದಲ್ಲಿ ಕಂಬ ಮಲಗಿತ್ತು. ತಿಳಿಹಸಿರು ಛಾಯೆಯ ಬಿಳಿಗಲ್ಲು. ಆನೆಯ ಮೇಲೆ ಸೇನಾಪತಿ ಕೂತಿದ್ದಾನೆ. ಎದೆಯ ನಡುವೆ ಎಂಟೆಸಳಿನ ತಾವರೆ.

“ಕಂಬ ಕಣ್ಣೆದುರಿಗೇ ಇದೆಯಲ್ಲ, ತಲವರಯ್ಯ,” ಎಂದ ಬುಧಿಲ. “ಹೂವಿದ್ದ ಕಡೆ ಗಂಟು.”

“ಹಾಗಾದ್ರೆ ದಾರ ತೋರಿಸೋಕೆ ಯಾಕೆ ಹಿಂದೆಮುಂದೆ ನೋಡ್ತೀಯ?”

“ಹೆಣದ ದಾರ ಅದು. ಮುಟ್ಟಿದ್ರೆ ಹೊಳೇಲಿ ಮುಳುಗಬೇಕು. ಈ ಚಳೀಲಿ ನಿಮ್ಮ ಮಂಡಿ ಹಿಡ್ಕೊಂಡ್ರೆ ಊರೆಲ್ಲ ನನ್ನ ಬೈಯುತ್ತೆ.”

ರೆಮ್ಮಣರು ನಕ್ಕರು. ಆಮೇಲೆ ಬುಧಿಲನ ಎಡಗಾಲಿನ ಕಡೆ ನೋಡಿದರು. ಪಾದದ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು.

“ಎರಡು ವರ್ಷದ ಹಿಂದೆ ಆ ಕಾಲ ಮೇಲೆ ಬಿದ್ದ ಕಲ್ಲನ್ನ ಎತ್ತಿದ್ದು ಯಾರ ಆನೆ, ಬುಧಿಲ?”

ಉಳಿ ಕೆಳಗಿಳಿಯಿತು. ಬುಧಿಲ ತನ್ನ ಪಾದದ ಕಡೆ ನೋಡಿದ. ಅವತ್ತು ಗಣಿಯಲ್ಲಿ ಅವನ ಕೂಗು ಕೇಳಿ, ಅರಮನೆಗೆ ಹೊರಟಿದ್ದ ಗೋಲಕ ಆನೆಯನ್ನು ತಿರುಗಿಸಿಕೊಂಡು ಬಂದಿದ್ದ. ತಡವಾದದ್ದಕ್ಕೆ ಅರಮನೆಯಲ್ಲಿ ಅವನಿಗೆ ಛಡಿಯೇಟೂ ಬಿದ್ದಿತ್ತು. ಅದನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ. ಬುಧಿಲನಿಗೆ ಬೇರೆಯವರಿಂದ ತಿಳಿಯಿತು.

ಶಿಲ್ಪಿ ಕುಂಟುತ್ತ ಒಳಗೆ ಹೋದ. ಬರುವಾಗ ಅವನ ಕೈಯಲ್ಲಿ ಮುತ್ತುಗದ ಎಲೆಯ ಪೊಟ್ಟಣವಿತ್ತು.

ಕೆಂಪು ದಾರವನ್ನು ರೆಮ್ಮಣರು ಬೆರಳ ನಡುವೆ ಎರಡು ಸಲ ಎಳೆದು ನೋಡಿದರು. ಒಂದು ಗಂಟೂ ಇರಲಿಲ್ಲ. ಬಿಳಿ ದಾರವನ್ನು ಹಿಡಿದು ನೆತ್ತಿಯ ತುದಿಯಿಂದ ಕೆಳಗೆ ಬಂದರು. ಕುತ್ತಿಗೆ ದಾಟಿ ನಾಲ್ಕು ಬೆರಳಷ್ಟು ಕೆಳಗೆ ಅವರ ಬೆರಳು ಗಂಟಿಗೆ ತಾಗಿ ನಿಂತಿತು.

“ಸೇನಾಪತಿಗಳ ಮನೆ ಅವ್ವ ಹೇಳಿದ್ರು,” ಬುಧಿಲನ ದನಿ ಬಹಳ ಸಣ್ಣದಾಗಿತ್ತು. “ಹೂವನ್ನ ಎದೆಗೆ ತಾ ಅಂದ್ರು. ಗಂಡನ್ನ ಕಳ್ಕೊಂಡೋರು ನನ್ನಂಥವನ ಕೈ ಹಿಡ್ಕೊಂಡು ಕೇಳಿದ್ರೆ ಏನಂತ ಹೇಳ್ಲಿ? ನಾನು ಕಲ್ಲು ಕೆತ್ತೋನು. ನ್ಯಾಯ ನೋಡೋಕೆ ನೀವಿದೀರಿ ಅಂದ್ಕೊಂಡೆ.”

“ಇದ್ದೆ,” ಎಂದರು ರೆಮ್ಮಣರು. “ಮೂರು ತಿಂಗಳಿಂದ ಈ ಕಲ್ಲಿನ ಎದೆ ನೋಡ್ಕೊಂಡು ಕೂತಿದ್ದೆ.”

ಕಾಳಗದ ದಿನ ಆನೆಯ ಕುತ್ತಿಗೆಯ ಮೇಲೆ ಮಾವುತ. ಅವನ ಹಿಂದೆ ಸೇನಾಪತಿ. ಸೇನಾಪತಿಯ ಬೆನ್ನಿಗೆ ಛತ್ರ ಹಿಡಿದವನು. ಆನೆ ಶತ್ರುಗಳ ಕಡೆ ಮುಖ ಮಾಡಿ ಮಂಜಿನೊಳಗೆ ಹೊಕ್ಕದ್ದನ್ನು ಇಡೀ ಸೇನೆ ನೋಡಿದೆ. ಬಾಣ ಮುಂದಿನಿಂದ ಬರಬೇಕಿತ್ತು. ಗಾಯ ಮಾತ್ರ ಹಿಂದಿತ್ತು.

ಮುಂದೆ ಕೂತ ಗೋಲಕನ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಮುಟ್ಟುವುದು ಒಬ್ಬನ ಕೈ ಮಾತ್ರ.

* * *

ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರೆಮ್ಮಣರು ಸೇನಾಪತಿಯ ಮನೆಯ ಕಡೆ ನಡೆದರು. ದಾರಿ ಮೆಟ್ಟಿಲುಗಳ ಬಯಲಿನ ಪಕ್ಕದಲ್ಲೇ ಹೋಗುತ್ತಿತ್ತು. ಅವರು ಚಿಕ್ಕವರಿದ್ದಾಗ ಆ ಮೆಟ್ಟಿಲುಗಳ ಮೇಲೆ ಕೂರಲು ಜಾಗ ಸಿಗದೆ ಜನ ಗೋಡೆಯೇರಿ ಮಲ್ಲಯುದ್ಧ ನೋಡುತ್ತಿದ್ದರು. ಈಗ ಕಲ್ಲುಸಂದಿಯಲ್ಲಿ ಉತ್ತರಾಣಿ ಬೆಳೆದಿತ್ತು. ಕೆಳಗೆ ಎರಡು ಮೇಕೆಗಳು ಒಂದನ್ನೊಂದು ಹಾಯುತ್ತಿದ್ದವು. ನೋಡುವವರು ಯಾರೂ ಇರಲಿಲ್ಲ.

ಶಾತವಾಹನರ ಮನೆತನ ಗೆದ್ದಲು ಹಿಡಿದ ತೊಲೆಯ ಹಾಗೆ ಒಳಗಿನಿಂದಲೇ ಮುರಿದು ಬಿದ್ದಾಗ, ಇಕ್ಷ್ವಾಕು ಕುಲದ ಮೊದಲ ಅರಸ ತನ್ನವರನ್ನು ಕಟ್ಟಿಕೊಂಡು ಈ ಕಣಿವೆಯಲ್ಲಿ ಎದ್ದು ನಿಂತಿದ್ದ. ಅವನ ಯಜ್ಞದ ಕುದುರೆಯ ಹಿಂದೆ ವರ್ಷವಿಡೀ ನಡೆದವರಲ್ಲಿ ರೆಮ್ಮಣರ ತಾತನೂ ಒಬ್ಬ. ಅರಸರು ಯಜ್ಞ ಮಾಡಿದರು; ಅವರ ಅಕ್ಕತಂಗಿಯರು, ಅತ್ತೆಯರು ಬುದ್ಧನಿಗೆ ಚೈತ್ಯ ಕಟ್ಟಿಸಿದರು. ಒಂದೇ ಮನೆಯಲ್ಲಿ ಎರಡು ದೀಪ ಉರಿದರೂ ಯಾರೂ ಯಾರದನ್ನೂ ಊದಲಿಲ್ಲ. ಉಜ್ಜಯಿನಿಯಿಂದ ಸೊಸೆ ಬಂದಳು, ಮಗಳು ವನವಾಸಿಗೆ ಸೊಸೆಯಾಗಿ ಹೋದಳು. ಹೊಳೆಯ ಘಟ್ಟದಲ್ಲಿ ದೋಣಿ ನಿಲ್ಲಿಸಲು ಸರದಿ ಕಾಯಬೇಕಿತ್ತು.

ಯಾವಾಗ ಶುರುವಾಯಿತು ಇಳಿತ? ರೆಮ್ಮಣರಿಗೆ ಒಂದು ದಿನವನ್ನು ಬೊಟ್ಟು ಮಾಡಿ ತೋರಿಸಲು ಆಗುತ್ತಿರಲಿಲ್ಲ. ಹೊರಗಿನವರನ್ನು ನಂಬಲಾರದೆ ಅರಸರು ಅತ್ತೆಮಕ್ಕಳು ಮಾವನಮಕ್ಕಳಲ್ಲೇ ಮತ್ತೆ ಮತ್ತೆ ನಂಟು ಬೆಳೆಸಿದರು. ಅಧಿಕಾರವನ್ನೂ ಅಲ್ಲಲ್ಲೇ ಹಂಚಿದರು. ಗಡಿಯ ನಾಯಕರು ಮೊದಲು ತಾವೇ ಬರುತ್ತಿದ್ದರು, ಆಮೇಲೆ ಮಕ್ಕಳನ್ನು ಕಳಿಸಿದರು, ಆಮೇಲೆ ಬರೀ ಕಾರಣಗಳನ್ನು ಕಳಿಸಿದರು. ತಾವು ಆಗಲೇ ಬಾಯಿಬಿಟ್ಟು ಹೇಳಬೇಕಿತ್ತು ಎಂದು ಈಗ ಅವರಿಗೆ ಅನ್ನಿಸುತ್ತದೆ. ಅರಮನೆಯ ಅನ್ನ ಉಂಡವನಿಗೆ ಅಂಥ ಮಾತು ಗಂಟಲಲ್ಲೇ ನಿಲ್ಲುತ್ತದೆ.

ಕಣಿವೆಬಾಯಿಯಲ್ಲಿ ಎರಡು ವರ್ಷ ಪಲ್ಲವರನ್ನು ತಡೆದು ನಿಲ್ಲಿಸಿದ್ದವನು ಚಂಡಸತ್ತಿ ಒಬ್ಬನೇ. ಅವನೂ ಹೋದ ಮೇಲೆ ಊರಿನ ಜನ ಮಾತಾಡುವ ದನಿಯೇ ತಗ್ಗಿತ್ತು.

ವಿಹಾರದ ಬಾಗಿಲಲ್ಲಿ ಸಿಂಹಳದ ಮುದಿ ಭಿಕ್ಷುವೊಬ್ಬ ಗಂಟು ಕಟ್ಟುತ್ತಿದ್ದ. ಊರಿಗೆ ವಾಪಸು ಹೊರಟಿದ್ದಾನೆಂದು ಕೇಳದೆಯೇ ತಿಳಿಯುತ್ತಿತ್ತು. ಅವನು ತನ್ನ ನೀರಿನ ಗಡಿಗೆಯನ್ನು ಮಾತ್ರ ಗಂಟಿಗೆ ಸೇರಿಸದೆ, ತುಂಬಿಸಿ, ಸೊಪ್ಪು ಮಾರುವವಳು ಕೂರುವ ಜಗಲಿಯ ಮೂಲೆಯಲ್ಲಿಟ್ಟ. ಅವಳು ಇನ್ನೂ ಬಂದಿರಲಿಲ್ಲ. ರೆಮ್ಮಣರು ಕೈಮುಗಿದು ಮುಂದೆ ಹೋದರು.

* * *

ಸೇನಾಪತಿಯ ಹೆಂಡತಿ ನಾಗಸಿರಿ ಅಂಗಳದಲ್ಲಿ ಕೂತು ನಾಳೆಯ ಊಟದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಕೆಲಸದವರಿದ್ದರು, ಆದರೂ ಮೊರ ಅವಳ ಮಡಿಲಲ್ಲೇ ಇತ್ತು. ಗಂಡ ಸತ್ತ ದಿನದಿಂದ ಅವಳು ಒಂದು ಹನಿ ಕಣ್ಣೀರು ಹಾಕಿಲ್ಲ, ಕಲ್ಲಿನಂಥ ಹೆಂಗಸು ಎಂದು ಊರಿನಲ್ಲಿ ಆಡಿಕೊಳ್ಳುತ್ತಿದ್ದರು.

ಅವಳು ಎದ್ದು ಮಣೆ ಕೊಟ್ಟಳು, ಮಜ್ಜಿಗೆ ತರಿಸಿದಳು. ರೆಮ್ಮಣರು ಕುಡಿದು ಮುಗಿಸುವ ತನಕ ಏನೂ ಕೇಳಲಿಲ್ಲ. ಅವರು ಲೋಟ ಕೆಳಗಿಟ್ಟು ಎಲೆಯ ಪೊಟ್ಟಣ ಬಿಚ್ಚಿದರು.

ಬಿಳಿ ದಾರ ಕಂಡದ್ದೇ ತಡ, ನಾಗಸಿರಿ ಸೆರಗನ್ನು ಅದರ ಮೇಲೆ ಎಳೆದಳು.

“ಮುಚ್ಚಿಡಿ, ಅಣ್ಣ. ಆಳುಗಳು ಓಡಾಡ್ತಾರೆ.”

“ಆಳುಗಳು ನೋಡಿದ್ರೆ ಒಬ್ಬನ ಜೀವ ಉಳಿಯುತ್ತೆ, ತಂಗಿ.”

ಅವಳು ಕೆಲಸದವರನ್ನು ಹಿತ್ತಿಲಿಗೆ ಕಳಿಸಿದಳು. ಮತ್ತೆ ಬಂದು ಕೂತಾಗ ಮುಖ ಬಿಳಿಚಿಕೊಂಡಿತ್ತು. ರೆಮ್ಮಣರು ಗದರಲಿಲ್ಲ. ದನಿ ಏರಿಸಲಿಲ್ಲ. ನಾಳೆ ಈ ಹೊತ್ತಿಗೆ ಗೋಲಕ ಎಲ್ಲಿರುತ್ತಾನೆ ಎಂಬುದನ್ನು ಮಾತ್ರ ಹೇಳಿದರು.

ಅವಳೇ ಬಾಯಿಬಿಟ್ಟಳು. ಹೆಣವನ್ನು ಕಂಬಳಿಯಲ್ಲಿ ಸುತ್ತಿ ತಂದದ್ದು ಗೋಲಕನೇ. ಮೈ ತೊಳೆಯಲು ಅವಳು ಯಾರನ್ನೂ ಹತ್ತಿರ ಬಿಡಲಿಲ್ಲ. ಎದೆ ನೋಡಿದಳು, ಹೊಟ್ಟೆ ನೋಡಿದಳು, ಎಲ್ಲೂ ಒಂದು ಗೀರಿರಲಿಲ್ಲ. ಮಗ್ಗುಲು ಹೊರಳಿಸಿದಾಗ ಬೆನ್ನು ಕಂಡಿತು.

“ಬೆನ್ನಿಗೆ ಗಾಯ ಅಂದ್ರೆ ಏನು ಅಂತ ಈ ಊರಲ್ಲಿ ಎಳೆ ಮಗುವಿಗೂ ಗೊತ್ತು,” ಎಂದಳು. “ಓಡಿದವನಿಗೆ ಕಂಬ ಇಲ್ಲ. ಓಡಿದವನ ಮಕ್ಕಳಿಗೆ ಸಭೇಲಿ ಮಣೆ ಇಲ್ಲ. ಇಪ್ಪತ್ತೆರಡು ವರ್ಷ ಜೊತೇಲಿ ಬಾಳಿದೆ, ಅಣ್ಣ. ಕೊನೇ ಗಳಿಗೇಲಿ ಹೆದರಿದ್ರೆ ಹೆದರಲಿ, ಅದನ್ನ ನಾನೊಬ್ಬಳೇ ನೋಡಿದ್ದು ಸಾಕು ಅನ್ನಿಸ್ತು.”

ಬುಧಿಲನ ಕೈ ಹಿಡಿದು ಹೂವನ್ನು ಎದೆಗೆ ತರಿಸಿದ್ದಳು. ಗಾಯ ಎದೆಯ ಮೇಲಿತ್ತು ಎಂದು ಸಭೆಗೆ ಹೇಳಿ ಕಳಿಸಿದ್ದಳು. ಗೋಲಕನಿಂದ, ಆನೆಯ ಸೊಂಡಿಲು ಮುಟ್ಟಿಸಿ, ಆ ದಿನದ ಮಾತನ್ನೇ ಎತ್ತುವುದಿಲ್ಲವೆಂದು ಆಣೆ ಮಾಡಿಸಿಕೊಂಡಿದ್ದಳು. ಐದನೆಯ ದಿನ ಅವನನ್ನೇ ಹಿಡಿದು ಸಂಕೋಲೆ ಹಾಕಿದರು.

“ಬಂದು ಹೇಳ್ಬೇಕಿತ್ತು. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಮೂರು ತಿಂಗಳಾಯ್ತು. ಹೇಳೋಕೆ ಅಂತ ಬಾಗಿಲ ತನಕ ಹೋಗಿದೀನಿ, ಎಷ್ಟೋ ಸಲ.”

ರೆಮ್ಮಣರು ಆ ಬಾಗಿಲ ಕಡೆ ನೋಡಿದರು. ತಾವೂ ಜೀವಮಾನದಲ್ಲಿ ಅಂಥ ಎಷ್ಟೋ ಬಾಗಿಲುಗಳ ತನಕ ಹೋಗಿ ಹಿಂದಿರುಗಿದವರೇ.

“ಗಾಯ ಹೇಗಿತ್ತು, ತಂಗಿ? ಬಾಣ ಹೊಕ್ಕ ಹಾಗಿತ್ತಾ?”

ಅವಳ ತಂದೆಯೂ ದಂಡಿನವನು. ಎಷ್ಟೋ ಬಾಣದ ಗಾಯಗಳಿಗೆ ಅವಳೇ ಅರಿಶಿನ ಮೆತ್ತಿದ್ದಳು. ಉತ್ತರಕ್ಕೆ ಅವಳು ಯೋಚಿಸಬೇಕಾಗಲಿಲ್ಲ. “ಇಲ್ಲ. ಎರಡು ಬೆರಳುದ್ದದ ಸೀಳು. ಅಂಚು ನಯವಾಗಿತ್ತು, ಕುಂಬಳಕಾಯಿ ಕೊಯ್ದ ಹಾಗೆ...”

ಅವಳು ತನ್ನ ಎರಡು ಬೆರಳುಗಳನ್ನೇ ನೋಡಿಕೊಂಡಳು. ಆ ಬೆರಳುಗಳೇ ಅಂದು ಆ ಸೀಳನ್ನು ತೊಳೆದಿದ್ದವು. ತಿಳಿಯಬೇಕಾದದ್ದೆಲ್ಲ ಅಂದೇ ಅವಳ ಕೈಯಲ್ಲಿತ್ತು. ಬೆನ್ನು ಕಂಡೊಡನೆ ನಾಚಿಕೆ ಎದ್ದು ನಿಂತು ಉಳಿದದ್ದನ್ನೆಲ್ಲ ಮರೆಮಾಡಿಬಿಟ್ಟಿತ್ತು.

“ಅದು ಕಠಾರಿ,” ಎಂದರು ರೆಮ್ಮಣರು. “ಹತ್ತಿರ ಕೂತವನ ಕಠಾರಿ. ನಿನ್ನ ಗಂಡ ಓಡಲಿಲ್ಲ, ತಂಗಿ.”

ಮೂರು ತಿಂಗಳ ಅಳು ಆಗ ಬಂತು. ಅವನ ಹೆಸರಿನ ದೀಪ ಹಚ್ಚುವಾಗಲೂ ಮುಖ ತಿರುಗಿಸಿ ಹಚ್ಚಿದೆ ಎಂದು ಅವಳು ನಡುನಡುವೆ ಹೇಳಿಕೊಂಡಳು. ರೆಮ್ಮಣರು ಮೊರವನ್ನು ತಮ್ಮ ಕಡೆ ಎಳೆದುಕೊಂಡು, ಮಂಜಾದ ಕಣ್ಣನ್ನು ಕಿರಿದು ಮಾಡಿ, ಅವಳು ಬಿಟ್ಟಲ್ಲಿಂದ ಅಕ್ಕಿ ಆರಿಸತೊಡಗಿದರು.

ಅವಳು ಮುಖ ಒರೆಸಿಕೊಂಡ ಮೇಲೆ ಅವರು ಛತ್ರದವನ ವಿಷಯ ತೆಗೆದರು. ಛತ್ರ ಹಿಡಿಯುತ್ತಿದ್ದ ಚಿಲುಕ ಐವತ್ತು ದಾಟಿದ, ನಂಬಿಕಸ್ಥ ಆಳು. ಕಾಳಗದ ಗದ್ದಲದಲ್ಲಿ ಆನೆಯಿಂದ ಹಾರಿ ಕಾಡು ಸೇರಿದ, ಇನ್ನೂ ಸಿಕ್ಕಿಲ್ಲ ಎಂದು ಕಣಿವೆಯಿಂದ ಓಲೆ ಬಂದಿತ್ತು. ಇದೇ ಚಿಲುಕ ಇರಿದನೇ? ಯಾರು ಇರಿಸಿದರು? ಅವನನ್ನು ಹುಡುಕಲು ಒಂದೇ ರಾತ್ರಿ ಉಳಿದಿದೆ.

ನಾಗಸಿರಿ ಬೆರಗಾಗಿ ತಲೆಯೆತ್ತಿದಳು. ಚಿಲುಕ ಯಾವ ಕಾಡಿಗೂ ಹೋಗಿಲ್ಲ ಎಂದಳು. ದಂಡು ಹೊರಟ ದಿನ ಅವನಿಗೆ ಸುಡುವಂಥ ಜ್ವರ. ತಾನೇ ಕಷಾಯ ಕುಡಿಸಿ, ಗಾಡಿಯಲ್ಲಿ ಹುಲ್ಲು ಹಾಸಿ, ತಂಗಿಯ ಊರಿಗೆ ಕಳಿಸಿದ್ದಳು. ಜ್ವರ ಬಿಟ್ಟರೂ ಕಾಲು ಸ್ವಾಧೀನವಿಲ್ಲದೆ ಅಲ್ಲೇ ಇದ್ದಾನೆ.

“ಮತ್ತೆ ಅವತ್ತು ಛತ್ರ ಹಿಡಿದವನು?”

“ನಿಮಗೆ ಗೊತ್ತಿಲ್ವಾ?” ಎಂದಳು ಅವಳು. “ಖಂದಿಲ. ದಾರಿ ಬುತ್ತಿ ನಾನೇ ಅವನ ಕೈಗೆ ಕೊಟ್ಟೆ. ಇಂಥ ದೊಡ್ಡ ಮನುಷ್ಯ ಛತ್ರ ಹಿಡೀತಾನಲ್ಲ ಅಂತ ಇವರು ನಕ್ಕಿದ್ರು. ಅವನು, ಮಾವ ಕಲಿಸಿದ ವಿನಯ ಅಂದ. ಕಾಳಗಕ್ಕೆ ಮುಂಚೆ ಇಳಿದು ತನ್ನ ಕುದುರೆ ಹತ್ತಿರಬೇಕು ಅಂದ್ಕೊಂಡಿದ್ದೆ, ಅಣ್ಣ.”

ರೆಮ್ಮಣರ ಬೆರಳುಗಳ ನಡುವೆ ಒಂದು ಕಲ್ಲು ಹಾಗೇ ಉಳಿಯಿತು.

ಖಂದಿಲ ಅವರ ತಂಗಿಯ ಮಗ. ಏಳು ವರ್ಷದವನಿದ್ದಾಗ ತಾಯಿ ಸತ್ತಳು. ಅಂದಿನಿಂದ ಅವರ ತಟ್ಟೆಯ ಪಕ್ಕದಲ್ಲೇ ಅವನ ತಟ್ಟೆ. ಕತ್ತಿ ಹಿಡಿಯಲು, ಹೆಜ್ಜೆಗುರುತು ಓದಲು, ಹಿರಿಯರ ಮುಂದೆ ತಗ್ಗಿ ನಿಲ್ಲಲು ಕಲಿಸಿದವರು ಅವರೇ. ಅವನನ್ನು ನಿನ್ನ ಜೊತೆ ಇಟ್ಟುಕೋ ಎಂದು ಸೇನಾಪತಿಯನ್ನು ಬೇಡಿಕೊಂಡವರೂ ಅವರೇ. ಚಿಲುಕ ಕಾಡು ಸೇರಿದ ಎಂಬ ಓಲೆ ಬರೆದವನು ಖಂದಿಲ. ಅದನ್ನು ಸಭೆಯಲ್ಲಿ ಓದಿ ಹೇಳಿದ್ದು ರೆಮ್ಮಣರ ಬಾಯಿ.

ಇನ್ನೂ ಒಂದಿತ್ತು. ಚಂಡಸತ್ತಿಯ ಜಾಗಕ್ಕೆ, ಕಣಿವೆಬಾಯಿ ಕಾಯಲು ಯಾರು ತಕ್ಕವರು ಎಂದು ಅರಸ ಕೇಳಿದಾಗ, ಇಡೀ ಸಭೆ ಮುದುಕ ತಲವರನ ಮುಖ ನೋಡಿತ್ತು. ಅವರು ಒಂದೇ ಹೆಸರು ಹೇಳಿದ್ದರು.

* * *

ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಇಬ್ಬರೂ ಆನೆಸಾಲೆಗೆ ಬಂದರು. ಮೂರು ತಿಂಗಳಲ್ಲಿ ನಾಗಸಿರಿ ಹೊಸ್ತಿಲು ದಾಟಿದ್ದು ಇದೇ ಮೊದಲು. ಬೀದಿಯ ಜನ ನೋಡಿದರು. ಅವಳು ಸೆರಗನ್ನು ಮುಖಕ್ಕೆ ಎಳೆದುಕೊಳ್ಳಲಿಲ್ಲ.

ಗೋಲಕನನ್ನು ಸೆರೆಮನೆಯಲ್ಲಿಟ್ಟಾಗ ಅವನ ಹೆಣ್ಣಾನೆ ಭದ್ದೆ ಮೇವು ಬಿಟ್ಟಿತ್ತು. ಬೇರೆ ದಾರಿ ಕಾಣದೆ ರೆಮ್ಮಣರು ಅವನನ್ನು ಆನೆಯ ಪಕ್ಕದ ಕಂಬಕ್ಕೇ ಸಂಕೋಲೆ ಹಾಕಿಸಿದ್ದರು. ಅವನ ಹೆಗಲ ಮೇಲಿದ್ದ ಕಂಬಳಿ ಬಾಗಿಲು ಕಾಯುವವನದು. ಕಾಯುವವನು ಚಳಿಗೆ ಕೈ ಉಜ್ಜುತ್ತ, ತನಗೆ ಸೆಖೆಯೆಂದು ತಾನೇ ಹೇಳಿಕೊಂಡು ಹೊರಗೆ ನಿಂತ.

ನಾಗಸಿರಿ ಹುಲ್ಲಿನ ಮೇಲೆ, ಮಾವುತನ ಎದುರಿಗೇ ಕೂತಳು. ಅವನು ಗಾಬರಿಯಾಗಿ ಏಳಲು ಹೋದ. ಸಂಕೋಲೆ ಬಿಡಲಿಲ್ಲ.

“ಗೋಲಕ, ನಿನ್ನ ಕೈಲಿ ಮಾಡಿಸ್ಕೊಂಡ ಆಣೇನ ನಾನು ವಾಪಸು ತಗೊಂಡಿದೀನಿ. ನೋಡಿದ್ದೆಲ್ಲ ಹೇಳು.”

“ಬ್ಯಾಡಿ, ಅವ್ವ. ಧಣಿ ಹೆಸರಿಗೆ...”

“ಧಣಿ ಓಡಲಿಲ್ಲ ಅಂತ ಗೊತ್ತಾಯ್ತು.”

ಗೋಲಕ ಅವಳನ್ನು ಅರ್ಥವಾಗದವನ ಹಾಗೆ ನೋಡಿದ. “ಓಡೋದಾ? ಮುಂದೆ ಕೂತವನಿಗೆ ಹಿಂದೆ ಕೂತವರ ಮಂಡಿ ಗೊತ್ತಾಗ್ತದೆ, ಅವ್ವ. ಕೊನೆ ಉಸಿರಿನ ಗಂಟ ಅವರ ಮಂಡಿ ನನ್ನ ಮುಂದಕ್ಕೇ ತಳ್ತಿತ್ತು.”

“ಅದನ್ನ ನಂಗೆ ಯಾಕೆ ಹೇಳಲಿಲ್ಲ?”

“ಆ ದಿನದ ಮಾತೇ ಎತ್ತಬ್ಯಾಡ ಅಂದ್ರಲ್ಲ.”

ಅವಳು ಕೈ ಚಾಚಿ ಆನೆಯ ಕಾಲನ್ನು ಮುಟ್ಟಿದಳು. ಮಾವುತನನ್ನು ಮುಟ್ಟಲು ಅವಳಿಗೆ ಧೈರ್ಯ ಬರಲಿಲ್ಲ.

ಗೋಲಕ ಉಳಿದದ್ದನ್ನೂ ಹೇಳಿದ. ದಟ್ಟ ಮಂಜು. ಹಿಂದಿನ ಪಡೆಗೆ ಛತ್ರ ಕಾಣುತ್ತಿತ್ತೇ ಹೊರತು ಹಿಡಿದವನ ಮುಖ ಕಾಣುತ್ತಿರಲಿಲ್ಲ. ಕಣಿವೆಬಾಯಿಯ ತೊರೆಯ ನಡುವೆ ಭದ್ದೆ ಇದ್ದಕ್ಕಿದ್ದಂತೆ ನಿಂತಳು. ಬೆನ್ನ ಮೇಲೆ ಬಿಸಿ ರಕ್ತ ಇಳಿದದ್ದು ಅವನಿಗಿಂತ ಮೊದಲು ಅವಳಿಗೆ ತಿಳಿದಿತ್ತು. ತಿರುಗಿ ನೋಡಿದರೆ ಧಣಿ ಮುಂದಕ್ಕೆ ಬಾಗಿದ್ದ. ಹಿಂದಿನ ಜಾಗ ಖಾಲಿ. ಕೆಳಗೆ ನೀರಿನಲ್ಲಿ ಖಂದಿಲ ನಿಂತು ಛತ್ರವನ್ನು ತೇಲಿಬಿಡುತ್ತಿದ್ದ. ಅವನು ಮೇಲೆ ನೋಡಿ, ಬಾಯಿಯ ಮೇಲೆ ಬೆರಳಿಟ್ಟುಕೊಂಡು, ಮಂಜಿನೊಳಗೆ ನಡೆದುಹೋದ.

ಹಿಂದೆ ಕೂತವನ ಹೆಸರು ಹೇಳಿದರೆ ಗಾಯ ಎಲ್ಲಿತ್ತೆಂದು ಕೇಳುತ್ತಾರೆ. ಅದನ್ನು ಹೇಳಿದರೆ ಆಣೆ ಮುರಿಯುತ್ತದೆ. ಅಲ್ಲದೆ ತಲವರರ ಅಳಿಯನ ಮೇಲೆ ಮಾವುತ ಹೇಳಿದ ಮಾತನ್ನು ತಲವರರ ಮುಂದೆ ಯಾರು ನಂಬುತ್ತಾರೆ, ಬುದ್ಧಿ, ಎಂದು ಗೋಲಕ ಕೇಳಿದ. ಅದರಲ್ಲಿ ಕೊಂಕಿರಲಿಲ್ಲ. ಅದಕ್ಕೇ ರೆಮ್ಮಣರಿಗೆ ಅದು ಹೆಚ್ಚು ತಾಗಿತು.

ಆಗ ಅವರಿಗೆ ನಾಳೆಯ ದಿನ ಪೂರ್ತಿ ಕಂಡಿತು. ಸೇನಾಪತಿಯ ಕಂಬ ನಿಲ್ಲುವಾಗ ಅವನ ಕೈಕೆಳಗೆ ಕಾದಿದವರೆಲ್ಲ ಬಂದು ಒಂದೊಂದು ಹಿಡಿ ಮಣ್ಣು ಹಾಕಲೇಬೇಕು. ಎಲ್ಲ ನಾಯಕರೂ, ಎಲ್ಲ ಬಿಲ್ಲಾಳುಗಳೂ ಊರೊಳಗೆ ಇರುತ್ತಾರೆ, ಆಯುಧವಿಲ್ಲದೆ. ಕಣಿವೆಬಾಯಿಯಲ್ಲಿ ಉಳಿಯುವವರು ಖಂದಿಲ ಆರಿಸಿದ ಜನ ಮಾತ್ರ. ಪಲ್ಲವರಿಗೆ ಬಾಗಿಲು ತೆರೆದಿಟ್ಟ ಹಾಗೆಯೇ.

ರೆಮ್ಮಣರು ಕಷ್ಟಪಟ್ಟು ಮಂಡಿಯೂರಿ ಕೂತರು. ಗೋಲಕನ ಸಂಕೋಲೆಯ ಅಗುಳಿಯನ್ನು ತಾವೇ ಹಿರಿದರು. ಅವನನ್ನು ಈಗಲೇ ಅರಸನ ಮುಂದೆ ನಿಲ್ಲಿಸಬೇಕು; ನಾಗಸಿರಿ ತನ್ನ ಬಾಯಿಂದ ಬೆನ್ನಿನ ಗಾಯದ ಮಾತು ಹೇಳಬೇಕು; ಕತ್ತಲಾಗುವ ಮುಂಚೆ ಕಣಿವೆಗೆ ದಂಡು ಹೋಗಬೇಕು. ತಂಗಿಯ ಮಗನ ಹೆಸರನ್ನು ಹೇಳುವ ಕೆಲಸ ಮಾತ್ರ ತಮ್ಮದು. ಅದನ್ನು ಬೇರೆಯವರಿಗೆ ಬಿಡುವುದಿಲ್ಲ.

“ಮಾವ.”

ಬಾಗಿಲಲ್ಲಿ ಖಂದಿಲ ನಿಂತಿದ್ದ. ಮೊಣಕಾಲ ತನಕ ದಾರಿಯ ಧೂಳು. ಅವನ ಹಿಂದೆ, ಕಾಯುವವನು ನಿಂತಿದ್ದ ಜಾಗದಲ್ಲಿ, ಕಣಿವೆಯ ಪಡೆಯ ನಾಲ್ವರಿದ್ದರು.

ಅವನು ಒಳಗೆ ಬಂದು, ಎಂದಿನಂತೆ ಬಗ್ಗಿ ರೆಮ್ಮಣರ ಕಾಲು ಮುಟ್ಟಿದ. ಅವರ ಕೈ, ಅಭ್ಯಾಸಬಲದಿಂದ, ಅವನ ತಲೆಯ ಕಡೆ ಅರ್ಧ ಹೋಗಿ ನಿಂತಿತು. ಅದನ್ನು ಅವನು ನೋಡಿದ. ನಾಗಸಿರಿಯನ್ನೂ, ತೆರೆದ ಸಂಕೋಲೆಯನ್ನೂ ನೋಡಿದ. ಯಾರೂ ಅವನಿಗೆ ಏನೂ ಹೇಳಬೇಕಾಗಲಿಲ್ಲ.

“ಸೇನಾಪತಿ ಇದ್ದಿದ್ರೆ ಇನ್ನೂ ಹತ್ತು ವರ್ಷ ಕಾದಾಡ್ತಿದ್ರು,” ಎಂದ ಖಂದಿಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಗೆಲ್ತಿರಲಿಲ್ಲ. ಕಣಿವೇಲಿ ಹೆಣ ಬೀಳ್ತಾನೇ ಇರ್ತಿತ್ತು. ಈ ಮನೆತನ ಮುಗಿದು ಎಷ್ಟೋ ದಿನ ಆಯ್ತು ಅಂತ ನಿಮಗೂ ಗೊತ್ತು, ಮಾವ. ಹೇಳೋಕೆ ನಿಮ್ಮ ಕೈಲಿ ಆಗಲಿಲ್ಲ, ಅಷ್ಟೆ.”

ಅದು ಸುಳ್ಳಲ್ಲವೆಂದು ರೆಮ್ಮಣರಿಗೆ ಗೊತ್ತಿತ್ತು.

ಖಂದಿಲ ಬಗ್ಗಿ, ನೆಲದ ಮೇಲಿದ್ದ ಅಗುಳಿಯನ್ನು ಎತ್ತಿ, ಒರೆಸಿ, ಮಾವನ ಅಂಗೈಯಲ್ಲಿಟ್ಟ.

“ಇದನ್ನ ಮತ್ತೆ ಹಾಕಿ. ಇವನ ಜೀವ ಉಳೀಲಿ ಅಂತಲೇ ಹೇಳ್ತಿದೀನಿ. ನೀವೀಗ ಅರಮನೆಗೆ ಹೋದ್ರೆ ಕಣಿವೇಲಿ ಯುದ್ಧ ಆಗುತ್ತೆ, ಇವನ ಆನೆ ಮುಂದೆ ಹೋಗುತ್ತೆ, ಇವನೂ ಸಾಯ್ತಾನೆ. ಸುಮ್ಮನೆ ನಾಳೆ ಮಧ್ಯಾಹ್ನದ ತನಕ ತಡ್ಕೊಂಡ್ರೆ ಸಾಕು, ಮಾವ. ಆಮೇಲೆ ಇವನನ್ನ ಶೂಲಕ್ಕೆ ಹಾಕಿ ಅನ್ನೋಕೆ ಇಲ್ಲಿ ಅರಸನೇ ಇರೋದಿಲ್ಲ.”